ಖ್ವಾತ್ ಹೇಳದ ಕೀಲು

ವಿಯೆಟ್ನಾಮಿನ ಕರಾವಳಿಯಲ್ಲಿ ಹಳೆಯ ಮರದ ಕಟ್ಟಡಗಳನ್ನು ಮೊದಲು ಕಂಪ್ಯೂಟರ್ ಮಾದರಿಗೆ ಇಳಿಸಿ, ಆಮೇಲೆ ಬಿಚ್ಚಿ, ಅವುಗಳ ಕಂಬಗಳನ್ನು ಕಡಲಿನ ತಡೆಗೋಡೆಗೆ ಹೂಳುತ್ತಿದ್ದರು. ಮಾದರಿ ಪೂರ್ತಿಯಾಗದೆ ಒಂದು ಹಲಗೆಯನ್ನೂ ಮುಟ್ಟುವಂತಿರಲಿಲ್ಲ. ಆದ್ದರಿಂದಲೇ ಮುದಿ ಬಡಗಿ ಖ್ವಾತ್, ತನ್ನೂರಿನ ಸಭಾಮಂದಿರದ ತೊಲೆಗಳನ್ನು ಒಳಗೆ ಹಿಡಿದಿಟ್ಟ ಕೀಲು ಹೇಗಿದೆಯೆಂದು ಮೂರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನರ್‌ಗೆ ಅದು ಕಾಣುತ್ತಿರಲಿಲ್ಲ. ಅಳತೆಗೆ ಬರುತ್ತಿದ್ದ ದಿಯೆಪ್ ಎಂಬ ಹೆಂಗಸು ಪ್ರತಿಸಲವೂ ‘ಅಪೂರ್ಣ’ ಎಂದು ಬರೆದುಕೊಂಡು ಹೋಗುತ್ತಿದ್ದಳು. ಅವಳಿಗೂ ಆ ಮಂದಿರ ಇಷ್ಟವಾಗಿತ್ತು.

ಹೋದ ವಾರ, ತಡೆಗೋಡೆಯಲ್ಲಿ ಈ ಮಂದಿರದ ಕಂಬಗಳಿಗೆಂದು ಖಾಲಿ ಬಿಟ್ಟಿದ್ದ ಜಾಗದಲ್ಲೇ ನೀರು ನುಗ್ಗಿ ಕೆಳಗಿನ ಕೇರಿ ಕೊಚ್ಚಿಹೋಯಿತು. ಹನ್ನೊಂದು ಹೆಣಗಳನ್ನು ಮಂದಿರದೊಳಗೇ ಮಲಗಿಸಿದ್ದರು. ಅವುಗಳಲ್ಲಿ ಖ್ವಾತನ ತಂಗಿಯದೂ ಒಂದು.

ದಿಯೆಪ್ ಬಂದಾಗ ಅವನೇ ಅವಳ ಟ್ಯಾಬ್ಲೆಟ್ ಎಳೆದುಕೊಂಡು, ಕೀಲಿನ ಪ್ರತಿಯೊಂದು ಓರೆಯನ್ನೂ ಬೆರಳಿನಿಂದ ಬರೆದ.

“ಇದನ್ನ ನೋಡ್ಕೊಂಡು ಮತ್ತೆ ಕಟ್ಟಬಹುದಾ?”

“ಕಟ್ಟಬಹುದು ಅಜ್ಜ. ಒಂದು ಕೂದಲೆಳೆಯಷ್ಟೂ ತಪ್ಪಲ್ಲ.”

“ಮರ ಎಲ್ಲಿಂದ ತರ್ತೀರಿ?”

ಅಷ್ಟು ದಪ್ಪದ ಮರ ಈಗ ಯಾವ ಕಾಡಿನಲ್ಲೂ ಉಳಿದಿರಲಿಲ್ಲ. ದಿಯೆಪ್ ‘ಅಪೂರ್ಣ’ ಎಂಬುದನ್ನು ಅಳಿಸಿ ‘ಪೂರ್ಣ’ ಎಂದು ಬರೆದಳು.

ಹೊರಗೆ, ಮಂದಿರ ಬಿಚ್ಚಲು ಬಂದಿದ್ದ ಕೂಲಿಯವರು ಗರಗಸ ಚಾಲೂ ಮಾಡಿದರು. ಖ್ವಾತ್ ಅವರನ್ನು ತಡೆದ.

“ಕೊಯ್ಯಬೇಡಿ. ಕಂಬ ಗಿಡ್ಡ ಆಗುತ್ತೆ, ನೀರು ನಿಲ್ಲಲ್ಲ.”

ಅವನು ಏಣಿ ಹತ್ತಿ, ಸುತ್ತಿಗೆಯಿಂದ ಕೀಲಿನ ಮೊದಲನೆಯ ಬೆಣೆಯನ್ನು ಬಡಿದು ಹೊರತೆಗೆದ. ಅಷ್ಟು ಎತ್ತರದಿಂದ ಕೆಳಗಿನ ಕೇರಿಯ ಕೆಸರು ಪೂರಾ ಕಾಣುತ್ತಿತ್ತು.

“ಎಷ್ಟು ಸಲೀಸಾಗಿ ಬಂತು ನೋಡು,” ಎಂದ ಖ್ವಾತ್. ಅವನ ಕೈ ಎರಡನೆಯ ಬೆಣೆಗೆ ಏಳಲಿಲ್ಲ. ದಿಯೆಪ್ ಏಣಿ ಹತ್ತಿ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.