ಬರಿಗೈ ಅಭ್ಯಾಸ

“‘ಕೈಗವಸು ತೊಡುವುದು ಇವರಿಗೆ ಅಭ್ಯಾಸವಿಲ್ಲ. ಬರಿಗೈಯಲ್ಲೇ ಕಸ ಎತ್ತುತ್ತಾರೆ’” ಎಂದು ಸೌಜನ್ಯ ಓದಿದಾಗ, ಬೆಟ್ಟಮ್ಮ ಬಾಯಿಗೆ ಒಯ್ಯುತ್ತಿದ್ದ ಟೀ ಲೋಟ ಅಲ್ಲೇ ನಿಂತಿತು. ಬೆಟ್ಟಮ್ಮ ಮತ್ತಿತರ ಪೌರಕಾರ್ಮಿಕರ ಜೊತೆ ಮೂರು ತಿಂಗಳು ಹಾಸನದ ಬೀದಿ ಗುಡಿಸಿ ಪತ್ರಕರ್ತೆ ಸೌಜನ್ಯ ಬರೆದ ಪುಸ್ತಕ ಅದು. ಮೊದಲ ಪ್ರತಿ ಬೆಟ್ಟಮ್ಮನಿಗೇ ಎಂದು, ಕಸದ ಗಾಡಿ ನಿಲ್ಲುವ ಟೀ ಅಂಗಡಿಗೇ ತಂದಿದ್ದಳು.

“ಇನ್ನೊಂದ್ಸಲ ಓದವ್ವ.”

ಸೌಜನ್ಯ ನಗುನಗುತ್ತಲೇ ಮತ್ತೆ ಓದಿದಳು.

ಬೆಟ್ಟಮ್ಮ ಲೋಟ ಕುಕ್ಕಿ, ಅವಳ ಕೈ ಎಳೆದು ಅಂಗೈ ತಿರುಗಿಸಿದಳು. ಒಂದು ಗೀರೂ ಇರಲಿಲ್ಲ. ಪಕ್ಕದಲ್ಲೇ ತನ್ನ ಅಂಗೈ ಇಟ್ಟಳು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹಳೆಯ ಗಾಯ ಗಂಟುಗಟ್ಟಿತ್ತು.

“ನೀನ್ ಬಂದ ವಾರದಲ್ಲೇ ಬಾಟ್ಲಿ ಚೂರು ಕುಯ್ದಿದ್ದು ಇದು. ಫೋಟೋ ತಗೊಂಡೆ. ಯಾಕ್ ಬರಿಗೈ ಅಂತ ಒಂದ್ ಮಾತು ಕೇಳ್ದ್ಯಾ?”

ಸೌಜನ್ಯ ತಡವರಿಸಿದಳು. “ನಾನು ಅಂದ್ಕೊಂಡೆ...”

“ಏನ್ ಅಂದ್ಕೊಂಡೆ? ಮೇಸ್ತ್ರಿ ನಂಗೆ ಕೊಟ್ಟಿದ್ದೇ ಒಂದ್ ಜೊತೆ ಗ್ಲೌಸು. ಓದ್ದೋಳ ಕೈ, ಕುಯ್ದುಬುಟ್ಟಾತು ಅಂತ ಮೊದಲ್ನೇ ದಿನ ನಾನೇ ನಿಂಗೆ ಆಕ್ದೆ. ಮೂರು ತಿಂಗ್ಳೂ ಅದು ನಿನ್ ಕೈಲೇ ಇತ್ತಲ್ಲೇ!”