ಇಟಲಿಯಲ್ಲಿ ಎರಡು ಪಾಸ್ತಾ

ಬಾಗಿಲ ಬೆಲ್ ಎರಡನೇ ಸಲ ಸದ್ದು ಮಾಡಿತು. ನಿಜಗುಣ ಅಡುಗೆಮನೆಯ ನೆಲಕ್ಕೆ ಕುಕ್ಕರಿಸಿದ. ಮಾಧುರಿ ಕೈಯಲ್ಲಿದ್ದ ಸೌಟನ್ನು ಸದ್ದಾಗದಂತೆ ಕೆಳಗಿಟ್ಟು ಗಂಡನ ಪಕ್ಕದಲ್ಲಿ ಕೂತಳು.

ಒಂಟಾರಿಯೋದ ಮಿಲ್ಟನ್ ಊರಿನ ಆ ಮನೆಯಲ್ಲಿ ಆ ಸೋಮವಾರ ಸಂಜೆ ನಾಲ್ಕಕ್ಕೆ ಯಾರೂ ಇರಬಾರದಿತ್ತು. ಕನ್ನಡ ಸಂಘದವರು ತಿಳಿದಂತೆ ಗಂಡ ಹೆಂಡತಿ ಇಬ್ಬರೂ ಇಟಲಿಯ ಸ್ಕೀ ರೆಸಾರ್ಟೊಂದರಲ್ಲಿದ್ದರು.

ಹೊರಗೆ ಹೆಜ್ಜೆಯ ಸದ್ದು ದೂರವಾಯಿತು. ನಿಜಗುಣ ಪರದೆಯ ಅಂಚನ್ನು ಬೆರಳಷ್ಟು ಸರಿಸಿ ನೋಡಿದ. ಹಿಮದ ಮೇಲೆ ಎರಡು ಜೋಡಿ ಬೂಟಿನ ಗುರುತು.

"ಫರ್ನೇಸ್ ಮಾರೋರು ಇರಬೇಕ್ರಿ. ಯಾವಾಗಲೂ ಜೋಡಿ ಬರ್ತಾರ," ಎಂದಳು ಮಾಧುರಿ.

"ಆ ಫರ್ನೇಸಿನ ಹೆಸರ ತಗೀಬ್ಯಾಡ."

ಇಟಲಿಯನ್ನು ನುಂಗಿದ್ದೇ ಮನೆ ಬೆಚ್ಚಗಿಡುವ ಆ ಯಂತ್ರ. ಹೊರಡಲು ಎಂಟು ದಿನ ಇದೆ ಎನ್ನುವಾಗ ಕೆಟ್ಟು ನಿಂತಿತು. ಹೊಸದನ್ನು ಹಾಕಿಸಲು ಟಿಕೆಟ್ ರದ್ದು ಮಾಡಿದರು. ಆದರೆ ಅಷ್ಟರಲ್ಲಿ ಗಿರಿಜವ್ವ ಮಾಧುರಿಗೆ ಉಡಿ ತುಂಬಿ, ದಾರಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಾಗಿತ್ತು. ಹೋಳಿಗೆ ಖಾಲಿಯಾದ ಮೇಲೆ 'ನಾವು ಹೋಗುತ್ತಿಲ್ಲ' ಎನ್ನುವುದು ಹೇಗೆ?

ಗಿರಿಜವ್ವನ ಗಂಡ ರೇವಣಸಿದ್ದಪ್ಪ ಸಂಘದ ಅಧ್ಯಕ್ಷರು. ಪಕ್ಕದ ಊರು ಜಾರ್ಜ್‌ಟೌನಿನಲ್ಲಿ ಮನೆ. ನಿಜಗುಣ ಇಟಲಿಯ ಸುದ್ದಿ ಹೇಳಿದ ಎರಡೇ ದಿನಕ್ಕೆ, "ನಾವೂ ಹೊಂಟೀವಿ, ಅದ ವಾರ, ನಿಮ್ಮ ಪಕ್ಕದ ಕಣಿವಿಗೆ," ಎಂದು ಘೋಷಿಸಿದ್ದರು. ಯುಗಾದಿಗೆ ಹೊಸ ಖಜಾಂಚಿಯನ್ನು ಹೆಸರಿಸುವವರೂ ಅವರೇ. ಗೋದಾಮಿನ ಕೆಲಸ ಮುಗಿಸಿ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಲೆಕ್ಕಪತ್ರ ಕಲಿತ ನಿಜಗುಣನಿಗೆ ಆ ಹುದ್ದೆಯ ಮೇಲೆ ಆಸೆಯಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಕೈಗೆ ಯಾರಾದರೂ ಲೆಕ್ಕದ ಪುಸ್ತಕ ಕೊಡುತ್ತಾರೆಯೆ?

ಸಂಘದ ವಾಟ್ಸಾಪಿನಲ್ಲಿ ಒಂದು ರೂಢಿಯಿತ್ತು. ಊರು ತಿರುಗಲು ಹೋದವರು ಅಲ್ಲಿನ ರೇಟು ಬರೆಯಲೇಬೇಕು. ಬೆಟ್ಟ ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಊಟಕ್ಕೆ ಎಷ್ಟು ಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೇ ನಿಜಗುಣ ಇಂಟರ್ನೆಟ್ಟಿನಲ್ಲಿ ಆ ರೆಸಾರ್ಟಿನ ಮೆನ್ಯುಗಳನ್ನು ಪರೀಕ್ಷೆಗೆ ಕೂತವನಂತೆ ಓದಿಕೊಂಡಿದ್ದ. ಅಂದು ಮಧ್ಯಾಹ್ನ ಎರಡಕ್ಕೆ, ಎಂದರೆ ಇಟಲಿಯ ರಾತ್ರಿಯೂಟದ ಹೊತ್ತಿಗೆ, ಮೊದಲ ಬಿಲ್ಲು ಕಳಿಸಿದ: ಎರಡು ಪಾಸ್ತಾ ಮೂವತ್ತು ಯೂರೋ, ಎರಡು ಹಾಟ್ ಚಾಕಲೇಟ್ ಹತ್ತು, ಒಟ್ಟು ನಲವತ್ತೈದು ಯೂರೋ ಇಪ್ಪತ್ತು ಸೆಂಟ್.

ಮಾಧುರಿ ಅದನ್ನು ಓದಿದ್ದು ಆಮೇಲೆ. "ಮ್ಯಾಲಿನ ಐದು ಚಿಲ್ರಿ ಯಾತರದು?"

"ಟ್ಯಾಕ್ಸು. ನೂರಕ್ಕ ಹದಿಮೂರು."

"ರೀ! ಅದು ನಮ್ಮ ಒಂಟಾರಿಯೋದ್ದು. ಅಲ್ಲಿ ಮೆನ್ಯು ರೇಟಿನಾಗ ಟ್ಯಾಕ್ಸ್ ಸೇರಿರ್ತೈತಿ."

ಕಳಿಸಿದ್ದನ್ನು ಅಳಿಸುವ ಉಪಾಯ ಆಗಿನ ವಾಟ್ಸಾಪಿನಲ್ಲಿ ಇರಲಿಲ್ಲ. ಪುಣ್ಯಕ್ಕೆ ಯಾರೂ ಗಮನಿಸಲಿಲ್ಲ. ರೇವಣಸಿದ್ದಪ್ಪನವರು ಮಾತ್ರ, "ಭಾಳ ತುಟ್ಟಿ ಬಿಡೋ ತಮ್ಮಾ," ಎಂದು ಬರೆದು ಸುಮ್ಮನಾದರು.

ಮಂಗಳವಾರ ಅವರಿಂದ ಇನ್ನೊಂದು ಸಂದೇಶ, ಅವನೊಬ್ಬನಿಗೇ: "ಗುರುವಾರ ನಿಮ್ಮಲ್ಲಿಗೆ ಊಟಕ್ಕ ಬರ್ತೀವಿ. ಬಾಗಿಲಾ ಮಾತ್ರ ತಗೀರಿ."

ನಿಜಗುಣ ಆ ದಿನ ಊಟ ಬಿಟ್ಟ. ಹಿಮ ಬಿದ್ದು ದಾರಿ ಮುಚ್ಚಿದೆ ಎನ್ನಲೆ? ಮಾಧುರಿಗೆ ಜ್ವರ ಎನ್ನಲೆ? ಒಂದು ಸುಳ್ಳಿಗೆ ಇನ್ನೆಷ್ಟು ಸುಳ್ಳು ಆಸರೆ ಕೊಡುವುದು?

ಬುಧವಾರ ಬೆಳಿಗ್ಗೆ ಅವರ ಫೋನೇ ಬಂತು.

"ಏನಪಾ, ಸ್ಕೀಯಿಂಗ್ ಜೋರ್ ನಡದೈತೇನು?"

"ಹೂನ್ರಿ ಕಾಕಾ. ನಿಮ್ದು?"

"ಏನ್ ಹೇಳ್ಲಿ, ನಸುಕಿನಾಗಿಂದ ಹಿಮದಾಗ ಬಗ್ಗಿ ಎದ್ದು ನಡಾ ಹಿಡಕೊಂಡೈತಿ." ಅವರ ಹಿಂದೆ ರೈಲೊಂದು ಉದ್ದಕ್ಕೆ ಕೂಗಿತು. "ಗುಡ್ಡಾ ಹತ್ತೋ ಟ್ರೇನು," ಎಂದರು ಅವರೇ.

ಅದೇ ಗಳಿಗೆಗೆ ಒಲೆಯ ಮೇಲಿನ ಕುಕ್ಕರ್ ಸೀಟಿ ಹೊಡೆಯಿತು. ಮಾಧುರಿ ಓಡಿದಳು. ಅವಳು ತಲುಪುವಷ್ಟರಲ್ಲಿ ಇನ್ನೊಂದು.

"ಅದೇನೋ ಸಪ್ಪಳಾ?"

"ಹೊಟೇಲಿನ ಕಾಫಿ ಮಷೀನ್ರಿ."

"ಹೌದಾ? ಇನ್ನೊಂದು ಸೀಟಿ ಆಗ್ಲಿ ತಮ್ಮಾ. ಎರಡಕ್ಕ ಕಾಫಿ ಬೇಯೂದಿಲ್ಲ."

ನಿಜಗುಣ ಫೋನಿಟ್ಟ. ಕಾಕಾ ತಮಾಷೆಗೆ ಅಂದರೋ, ಅನುಮಾನದಿಂದಲೋ? ಸಾಕು. ಖಜಾಂಚಿಗಿರಿ ಹೋದರೆ ಹೋಗಲಿ. 'ಕಾಕಾ, ತಪ್ಪಾತು. ನಾವು ಇಟಲಿಗೆ ಹೋಗೇ ಇಲ್ಲ' ಎಂದು ಬರೆದ. ಓದಿದ. 'ಕ್ಷಮಾ ಮಾಡ್ರಿ' ಎಂದು ಸೇರಿಸಿದ. ಕಳಿಸಬೇಕು, ಬೆರಳು ಏಳಲಿಲ್ಲ. ಹಾಗೆ ಕೂತೇ ಮಧ್ಯಾಹ್ನವಾಯಿತು.

ಎರಡು ಗಂಟೆಗೆ ಅವರದೇ ಸಂದೇಶ ಬಂತು.

"ನಮ್ಮ ಇವತ್ತಿನ ಊಟ. ಎರಡು ಪಾಸ್ತಾ ಮೂವತ್ತಾರು ಯೂರೋ, ಎರಡು ಕಾಫಿ ಹದಿನಾಲ್ಕು. ಕೊಟ್ಟಿದ್ದು ಐವತ್ತಾರೂವರಿ. ಲೆಕ್ಕಾ ಬರೋಬ್ಬರಿ ಐತೇನು ನೋಡು."

ಸಂಜೆ ತರಗತಿಯ ಚಟ. ನಿಜಗುಣ ಕೂಡಿಸಿದ. ಮೂವತ್ತಾರು, ಹದಿನಾಲ್ಕು: ಐವತ್ತು. ಮೇಲೆ ಆರೂವರೆ.

ನೂರಕ್ಕೆ ಹದಿಮೂರು.

ಮೂರು ದಿನಗಳಲ್ಲಿ ಮೊದಲ ಸಲ ಅವನು ನಕ್ಕ. ಎಷ್ಟು ಜೋರಾಗಿ ನಕ್ಕನೆಂದರೆ ಮಾಧುರಿ ಓಡಿ ಬಂದು ಅವನ ಬಾಯಿ ಮುಚ್ಚಿದಳು. ಅವನು ಫೋನನ್ನು ಅವಳ ಮುಂದೆ ಹಿಡಿದ. ಅವಳು ಓದಿದಳು, ಬೆರಳು ಮಡಿಸಿ ಎಣಿಸಿದಳು, ಆಮೇಲೆ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು.

"ಅವರೂ?"

"ಅವರೂ! ಅಧ್ಯಕ್ಷರು ನನ್ನ ಕೈಯಾಗ ಸಿಕ್ಕಬಿದ್ರು ನೋಡು."

ಕ್ಷಮೆಯ ಮಾತನ್ನೆಲ್ಲ ಅಳಿಸಿಹಾಕಿದ. ಬೆನ್ನು ನೆಟ್ಟಗೆ ಮಾಡಿ ಕೂತು ಬರೆದ: "ಕಾಕಾ, ಜಾರ್ಜ್‌ಟೌನಿನಾಗ ಪಾಸ್ತಾ ಅಷ್ಟು ತುಟ್ಟಿ ಐತೇನ್ರಿ? ನಾಳೆ ನಮ್ಮ ಮನಿಗೆ ಬರ್ರಿ. ಜ್ವಾಳದ ರೊಟ್ಟಿ, ಟ್ಯಾಕ್ಸ್ ಇಲ್ಲ."

ಉತ್ತರ ಬರಲು ನಿಮಿಷವೂ ಹಿಡಿಯಲಿಲ್ಲ.

"ಶಾಣ್ಯಾ ಇದ್ದಿ ಖಜಾಂಚಿ, ಆದ್ರ ಎರಡು ದಿನ ತಡಾ. ಸೋಮವಾರ ನಿನ್ನ ಬಿಲ್ಲಿನಾಗ ಆ ಹದಿಮೂರು ಕಂಡ ಕೂಡ್ಲೆ ನಿಮ್ಮ ಕಾಕೂನ್ನ ಕರಕೊಂಡು ಬಂದು ಎರಡು ಸಲ ಬೆಲ್ ಒತ್ತಿದ್ದೆ."