ಎತ್ತಣ್ಣ

"ಸಾಯೋದಾದ್ರೆ ಹೊರಗೆ ಹೋಗಿ ಸಾಯಿ! ಇನ್ನೊಬ್ಬನ್ನ ಎತ್ತೋಕೆ ನನ್ನ ಕೈಲಾಗಲ್ಲ."

ಮೇಸ್ತ್ರಿ ಕೆಲಸದ ಹುಡುಗನ ಎರಡೂ ಕಾಲು ಹಿಡಿದು ಕಾರಿನಡಿಯಿಂದ ದರದರನೆ ಎಳೆದು ಹಾಕಿದ್ದ. ಗ್ಯಾರೇಜಿನ ಸದ್ದೆಲ್ಲ ಒಮ್ಮೆಗೇ ಅಡಗಿತು. ತಪ್ಪಾದರೂ ಏನು? ಜಾಕ್ ಕೊಟ್ಟು ಕಾರು ಎತ್ತಿದ್ದ, ಆಸರೆಗೆ ಸ್ಟ್ಯಾಂಡ್ ಇಡದೆ ಕೆಳಗೆ ನುಗ್ಗಿದ್ದ. ಒಂದು ಬೋಲ್ಟ್ ಬಿಗಿಯುವಷ್ಟರ ಕೆಲಸ.

"ಜಾಕ್ ನಂಬ್ಕೊಂಡು ಒಳಗೆ ಹೋಗ್ತಾನಂತೆ! ಎತ್ತಿಗಾದ್ರೂ ಎರಡು ಕೊಂಬಿರುತ್ತೆ. ನೀನು ಕೊಂಬೂ ಇಲ್ಲದ ಎತ್ತು ಕಣೋ!"

ಟೈರಿನವನು ಕಿಸಕ್ಕೆಂದ. ಪೇಂಟಿನವನು ಅತ್ತ ತಿರುಗಿ ಭುಜ ಕುಣಿಸಿದ. ಕಾರಿನ ಒಡತಿ ಕೂಡ ಕೈಚೀಲ ಅಡ್ಡ ಹಿಡಿದು ನಕ್ಕಳು. ತಾಗಿದ್ದು ಆ ನಗು. ಬೈದವನೋ, ತನ್ನ ಗಾಜಿನ ಕೋಣೆಗೆ ಹೋಗಿ ಎಂದಿನಂತೆ ಫೋನಿನೊಳಗೆ ಮುಖ ಹುದುಗಿಸಿದ. ಗಳಿಗೆಗೊಮ್ಮೆ ಆ ಫೋನು ನೋಡದಿದ್ದರೆ ಮೇಸ್ತ್ರಿಗೆ ತುತ್ತು ಇಳಿಯುತ್ತಿರಲಿಲ್ಲ.

ಸಂಜೆ ಅಕ್ಕನ ಮನೆಯ ಮೂಲೆಕೋಣೆಯಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡ ಮೇಲೆ ಹುಡುಗ ಬೇರೆಯೇ ಮನುಷ್ಯ. ಕಂಪ್ಯೂಟರಿನ ಆಟದಲ್ಲಿ ನಾಲ್ವರ ತಂಡ, ನಾಲ್ಕು ಮುಖವಾಡ. ಬ್ಯಾಂಕಿಗೆ ನುಗ್ಗುವುದು, ತಿಜೋರಿ ಕೊರೆಯುವುದು, ಪೊಲೀಸರ ಮೇಲೆ ಗುಂಡು ಹಾರಿಸುತ್ತ ವ್ಯಾನಿಗೆ ಓಡುವುದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಗುಂಡು ತಿಂದು ಉರುಳಿದವನನ್ನು ಇನ್ನೊಬ್ಬ ಬಂದು ಕೈ ಹಿಡಿದು ಎತ್ತಬೇಕು, ಇಲ್ಲದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯಿತು. ಎತ್ತುವುದರಲ್ಲಿ ಇವನದು ಎತ್ತಿದ ಕೈ. "ಬಿದ್ದೆ, ಎತ್ತಣ್ಣ! ಎತ್ತಣ್ಣ!" ಎಂದು ಎಲ್ಲರೂ ಕೂಗಿ ಕೂಗಿ ಕೊನೆಗೆ ಅದೇ ಅವನ ಹೆಸರಾಗಿತ್ತು.

ಎಲ್ಲರಿಗಿಂತ ಹೆಚ್ಚು ಬೀಳುತ್ತಿದ್ದವನು ಮೌನಿ. ಅವನ ಮೈಕು ಸದಾ ಮುಚ್ಚಿರುತ್ತಿತ್ತು. ನೇರ ನಡೆಯುವನು; ತಿರುಗಬೇಕಾದರೆ ನಿಂತು, ಲೆಕ್ಕ ಹಾಕಿದವನಂತೆ ನಿಧಾನಕ್ಕೆ ತಿರುಗುವನು. ಬಿದ್ದರೆ ಆಟದ ಗಂಟೆ ಒತ್ತುವನು: ಟಿಣ್ ಟಿಣ್.

"ಈ ಹೊರೆ ಯಾಕಣ್ಣ ನಮಗೆ?" ಎಂದು ಗೊಣಗುತ್ತಿದ್ದವನು ಹಲ್ಲಿ, ಗೋಡೆ ಹತ್ತುವವನು. "ಮಧ್ಯಾಹ್ನ ಬಂದ್ರೂ ಇಲ್ಲೇ ಬಿದ್ದಿರ್ತಾನೆ. ಮನೆ ಮಠ ಇಲ್ವಾ ಇವನಿಗೆ?"

"ಇರ್ಲಿ ಬಿಡೋ. ಅವನನ್ನ ನಾನು ಎತ್ತೀನಿ."

ಆಗ ಮೌನಿಯಿಂದ ಒಂದೇ ಒಂದು ಟಿಣ್. ಅದು ಅವನ ಥ್ಯಾಂಕ್ಸ್.

ಅಂದು ಮೊದಲು ಬಿದ್ದವನು ಎತ್ತಣ್ಣನೇ. ಬೆಳಗಿನ ಸಿಟ್ಟಿನಲ್ಲೇ ಹಿಂದೆ ಮುಂದೆ ನೋಡದೆ ನುಗ್ಗಿದ್ದ. ಬಿದ್ದಲ್ಲಿಂದ ನೋಡಿದರೆ ಪಕ್ಕದಲ್ಲೇ ಮೌನಿ, ನೆಟ್ಟ ಕಂಬದ ಹಾಗೆ. ಅಷ್ಟರಲ್ಲಿ ಮೌನಿಯ ಮೈಕು ಚರಕ್ಕೆಂದು ತೆರೆದುಕೊಂಡಿತು.

"ಬಿದ್ಯಾ? ಇರು, ಎತ್ತೀನಿ."

ಎತ್ತಣ್ಣ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಅದೇ ಒಡಕು ಗಂಟಲು, ಮಾತಿಗೆ ಮುಂಚೆ ಅದೇ ಕೆಮ್ಮು. ಮೇಸ್ತ್ರಿ!

ಎತ್ತೀನಿ ಎಂದವನು ಎತ್ತಲಿಲ್ಲ. ನಿಂತೇ ಇದ್ದ. ಹಲ್ಲಿಯೇ ಓಡಿ ಬರಬೇಕಾಯಿತು.

ಎಲ್ಲ ತಾಳೆಯಾಯಿತು. ಗಾಜಿನ ಕೋಣೆ, ಕೈಬಿಡದ ಫೋನು, ಮಧ್ಯಾಹ್ನದ ಆಟ. ಬೆಳಿಗ್ಗೆ ಎಲ್ಲರೆದುರು 'ಎತ್ತು' ಎಂದದ್ದೂ ಇವನೇ ಎತ್ತಣ್ಣನೆಂದು ಗೊತ್ತಿದ್ದೇ ಅಂದದ್ದು. ಹಗಲು ತುಳಿದವನನ್ನು ಸಂಜೆ ತಾನೇ ಕೈ ಹಿಡಿದು ಎತ್ತುತ್ತಿದ್ದನಲ್ಲ! ಥೂ.

ತಿಜೋರಿ ಬಾಯಿ ಬಿಟ್ಟಿತು, ಚೀಲಗಳು ವ್ಯಾನು ಸೇರಿದವು. ವ್ಯಾನಿನ ಬಾಗಿಲ ಬುಡದಲ್ಲೇ ಮೌನಿ ಬಿದ್ದ.

ಟಿಣ್ ಟಿಣ್.

ಎತ್ತಣ್ಣ ಇಳಿದು ಹೋದ. ಅವನ ತಲೆಯ ಬಳಿ ನಿಂತು ಮಾತಾಡಿದ.

"ಸಾಯೋದಾದ್ರೆ ಹೊರಗೆ ಹೋಗಿ ಸಾಯಿ. ನಿನ್ನಂಥ ಹೆಣ ಎತ್ತಿ ಎತ್ತಿ ನಂಗೆ ಸಾಕಾಗಿದೆ. ನಿನ್ನ ಮನೆಯೋರಿಗೂ ಸಾಕಾಗಿರುತ್ತೆ. ನಿನಗಿನ್ನೂ ಸಾಕಾಗ್ಲಿಲ್ವಾ?"

"ಏಯ್, ಎತ್ತಣ್ಣ!" ಹಲ್ಲಿಯೇ ಬೆಚ್ಚಿಬಿದ್ದ. "ಇನ್ನೂ ಹೊತ್ತಿದೆ, ಎತ್ತೋ ಮಾರಾಯ!"

ಟಿಣ್ ಟಿಣ್. ಟಿಣ್ ಟಿಣ್.

ವ್ಯಾನು ಹೊರಟಿತು. ಹಿಂದಿನಿಂದ ಕೊನೆಗೊಮ್ಮೆ ಕೇಳಿಸಿತು, ಒಂದೇ ಟಿಣ್. ಅವನು ಮೌನಿಯ ಹೆಸರನ್ನು ತಂಡದಿಂದ ಅಳಿಸಿ ಹಾಕಿದ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಯಾರಿಗೋ ಹಾಗಂದೆ?"

"ಆಟ ಅಕ್ಕಾ." ಅಂದು ಅವನು ಕೇಳಿ ಕೇಳಿ ಬಡಿಸಿಕೊಂಡು ಉಂಡ.

ಬೆಳಿಗ್ಗೆ ಮೇಸ್ತ್ರಿಯ ಕಣ್ಣು ಕೆಂಡದಂತೆ ಕೆಂಪಾಗಿತ್ತು. ನೋಡಿ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೇಕೆಂದೇ ಸ್ಟ್ಯಾಂಡುಗಳನ್ನು ಎತ್ತಿಕೊಂಡು ಎದುರಿಗೇ ನಿಂತ. ಮೇಸ್ತ್ರಿ ಎಲ್ಲರನ್ನೂ ಕರೆದ.

"ನಿನ್ನೆ ಬೈದಿದ್ದು ಮನಸಲ್ಲಿ ಇಟ್ಕೋಬೇಡಪ್ಪ," ಎಂದು ಮೊದಲು ಇವನಿಗೇ ಹೇಳಿದ. ಆಮೇಲೆ ಕೆಮ್ಮಿದ. "ನೀವು ಹುಡುಗ್ರು ಆ ಬ್ಯಾಂಕ್ ದೋಚೋ ಆಟ ಆಡ್ತೀರಲ್ಲ, ಅದರಲ್ಲಿ ಎತ್ತಣ್ಣ ಅಂತ ಒಬ್ಬ ಇದಾನಂತೆ. ಯಾರಿಗಾದ್ರೂ ಗೊತ್ತೇನ್ರೋ?"

"ಯಾಕೆ ಮೇಸ್ತ್ರಿ?" ಎಂದ ಟೈರಿನವನು.

ಮೇಸ್ತ್ರಿ ಫೋನು ತಿರುಗಿಸಿ ತೋರಿಸಿದ. ಅದರಲ್ಲಿ ಮನೆಯ ಕ್ಯಾಮೆರಾ ತೋರಿಸುತ್ತಿದ್ದ ಒಂದು ಕೋಣೆ, ಗಾಲಿಕುರ್ಚಿ, ಆರಿಸಿದ ಕಂಪ್ಯೂಟರು. ಕುರ್ಚಿಗೆ ಬೆಲ್ಟು ಬಿಗಿದು ಕೂರಿಸಿದ ಒಬ್ಬ ಯುವಕ, ಕಣ್ಣು ಮುಚ್ಚಿದ್ದಾನೆ.

"ನನ್ನ ತಮ್ಮ. ಹಳೇ ಗ್ಯಾರೇಜಲ್ಲಿ ಸ್ಟ್ಯಾಂಡ್ ಇಡದೆ ಕಾರಿನ ಕೆಳಗೆ ಹೋದ, ಜಾಕ್ ಜಾರ್ತು. ಕತ್ತಿನಿಂದ ಕೆಳಗೆ ಏನೂ ಇಲ್ಲ, ಗಂಟಲಿಗೆ ಪೈಪು, ಮಾತಿಲ್ಲ. ಗದ್ದದಲ್ಲಿ ಒಂದು ಕಡ್ಡಿ ತಳ್ಕೊಂಡು ಆಡ್ತಾನೆ. ಕುರ್ಚಿಯಿಂದ ಜಾರಿದ್ರೆ ನಾನು ಎತ್ತೀನಿ, ನಿನ್ನೆ ಆಟದ ಮಧ್ಯೆನೂ ಎತ್ತಿದೆ. ಆಟದಲ್ಲಿ ಬಿದ್ರೆ ಆ ಎತ್ತಣ್ಣ ಎತ್ತೋನು. ನಿನ್ನೆ ಸಂಜೆ ಸ್ಕ್ರೀನ್ ಮೇಲೆ 'ಸಾಕು' ಅಂತ ಬರೆದೋನು, ಆಮೇಲೆ ಒಂದು ತುತ್ತಿಗೂ ಬಾಯಿ ಬಿಟ್ಟಿಲ್ಲ." ಮೇಸ್ತ್ರಿ ಇವನತ್ತ ತಿರುಗಿದ. "ನಿನಗೇನಾದ್ರೂ ಆ ಎತ್ತಣ್ಣ ಗೊತ್ತಾ? ಬಂದು ಒಂದೇ ಒಂದ್ಸಲ ಎತ್ತಲಿ. ಅವನ ಕಾಲು ಹಿಡೀತೀನಿ."

ಅವನು ಸ್ಟ್ಯಾಂಡುಗಳನ್ನು ಸದ್ದಾಗದಂತೆ ನೆಲಕ್ಕಿಟ್ಟು, ಮೇಸ್ತ್ರಿಗೆ ಬೆನ್ನು ತಿರುಗಿಸಿ, ಬಾಗಿಲು ದಾಟಿ ನಡೆದುಬಿಟ್ಟ.